ಸಿ, ಡಿ, ಇ ಅಂತ ಭಾಗ ಮಾಡಿದರೆ ಲ್ಯಾಪ್‌ಟಾಪ್ ಫಾಸ್ಟ್ ಆಗುತ್ತದಾ?

ಡಿಟಿಪಿ_ಹುಡುಗ:
ಎಲ್ಲರಿಗೂ ನಮಸ್ಕಾರ. ನನ್ನದು ಹಳೇ ಲ್ಯಾಪ್‌ಟಾಪ್. 8 ಜಿಬಿ ರ್‍ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಇಡೀ ಡಿಸ್ಕ್ ಒಂದೇ ಸಿ ಡ್ರೈವ್. ಆನ್ ಮಾಡಿದ ಮೇಲೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ 100% ಅಂತಲೇ ತೋರಿಸುತ್ತಾ ಇರುತ್ತದೆ, ಒಂದು ಫೋಲ್ಡರ್ ತೆರೆಯುವುದಕ್ಕೂ ಕಾಯಬೇಕು. ನುಡಿ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿದ ಲಗ್ನಪತ್ರಿಕೆಗಳು, ಬಿಲ್‌ಗಳು, ಅಕ್ಕನ ಮದುವೆ ಫೋಟೋ ಎಲ್ಲಾ ಡೆಸ್ಕ್‌ಟಾಪ್ ಮೇಲೇ ಬಿದ್ದಿವೆ. ಪಾರ್ಟಿಷನ್ (ಡಿಸ್ಕನ್ನು ಭಾಗ) ಮಾಡಿಸಿ, ಸ್ಪೀಡ್ ಬರುತ್ತದೆ ಅಂತ ರಿಪೇರಿ ಅಂಗಡಿಯವರು ಹೇಳುತ್ತಿದ್ದಾರೆ. ನಿಜವಾ? ಇರುವ ಫೈಲ್ ಹೋಗಲ್ಲ ಅಲ್ವಾ?

ಮಲೆನಾಡ_ಮೌಸ್:
ಸ್ಪೀಡ್‌ಗೋಸ್ಕರ ಅಂತಾದರೆ ದುಡ್ಡು ಕೊಡಬೇಡಿ. ಆ ಮಾತು ಪೂರ್ತಿ ಸುಳ್ಳಲ್ಲ, ಹಾರ್ಡ್ ಡಿಸ್ಕ್‌ನಲ್ಲಿ ಹೊರಅಂಚಿನ ಟ್ರ್ಯಾಕ್ ಉದ್ದ ಜಾಸ್ತಿ, ಒಂದು ಸುತ್ತಿಗೆ ಅಲ್ಲಿ ಹೆಚ್ಚು ಡೇಟಾ ಓದಬಹುದು, ಡಿಸ್ಕ್‌ನ ಮೊದಲ ಭಾಗದಲ್ಲಿರುವ ಸಿ ಡ್ರೈವ್‌ಗೆ ಅದರ ಲಾಭ ಸ್ವಲ್ಪ ಸಿಗುತ್ತದೆ. ಆದರೆ ನಿಮ್ಮ ತೊಂದರೆ ಅದಲ್ಲ. ವಿಂಡೋಸ್ ಶುರುವಾಗುವಾಗ ಸಾವಿರಾರು ಚಿಕ್ಕ ಚಿಕ್ಕ ಫೈಲ್ ಓದಬೇಕು, ಪ್ರತಿ ಸಲವೂ ಡಿಸ್ಕ್‌ನ ಹೆಡ್ (ಡೇಟಾ ಓದುವ ಭಾಗ) ಅಲ್ಲಿಂದಿಲ್ಲಿಗೆ ಓಡಬೇಕು. 5400 ಆರ್‌ಪಿಎಂ (ನಿಮಿಷಕ್ಕೆ 5400 ಸುತ್ತು) ಡಿಸ್ಕ್ ಒಂದು ಸುತ್ತು ತಿರುಗುವುದಕ್ಕೇ ಸುಮಾರು 11 ಮಿಲಿಸೆಕೆಂಡ್ ಬೇಕು. ನೀವು ಎಷ್ಟು ಭಾಗ ಮಾಡಿದರೂ ಹೆಡ್ ಓಡಾಡುವುದು ತಪ್ಪಲ್ಲ. ಒಂದು 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಹಾಕಿಸಿ, ಅದು ಚಿಪ್‌ನಲ್ಲಿ ಡೇಟಾ ಇಡುವ ಡಿಸ್ಕ್, ಅದರಲ್ಲಿ ತಿರುಗುವ ಭಾಗವೇ ಇಲ್ಲ.

ಬಯಲುಸೀಮೆ:
ಸ್ಪೀಡ್ ವಿಷಯ ಒಪ್ಪಿದೆ. ಆದರೂ ಪಾರ್ಟಿಷನ್ ಬೇಡ ಅನ್ನಬೇಡಿ ಸರ್. ನಾಳೆ ವಿಂಡೋಸ್ ಕೆಟ್ಟರೆ ಸಿ ಮಾತ್ರ ಫಾರ್ಮ್ಯಾಟ್ ಮಾಡಬಹುದು, ಡಿ ಹಾಗೇ ಉಳಿಯುತ್ತದೆ. ಇದನ್ನು ಮನೆಯಲ್ಲೇ ಮಾಡಬಹುದು. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ, ಸಿ ಮೇಲೆ ರೈಟ್ ಕ್ಲಿಕ್ ಮಾಡಿ ಶ್ರಿಂಕ್ ವಾಲ್ಯೂಮ್ (ಸಿ ಗಾತ್ರ ಕುಗ್ಗಿಸುವುದು) ಒತ್ತಿ. ಅಲ್ಲಿ ಲೆಕ್ಕ ಎಂಬಿಯಲ್ಲಿ ಕೇಳುತ್ತದೆ, ಡಿ ಡ್ರೈವ್‌ಗೆ 600 ಜಿಬಿ ಬೇಕಂದರೆ 614400 ಹಾಕಬೇಕು. ಖಾಲಿ ಜಾಗ ಇದ್ದೂ ಅಷ್ಟು ಕೊಡಲ್ಲ ಅಂದರೆ ನಡುವೆ ಜರುಗಿಸಲಾಗದ ಫೈಲ್ ಕೂತಿದೆ ಅಂತ ಅರ್ಥ. ಹೈಬರ್ನೇಷನ್, ಸಿಸ್ಟಂ ರೆಸ್ಟೋರ್ ಎರಡನ್ನೂ ಸ್ವಲ್ಪ ಹೊತ್ತು ಆಫ್ ಮಾಡಿ ಮತ್ತೆ ನೋಡಿ.

ಸುಮ್ನೆ ಇ, ಎಫ್ ಅಂತೆಲ್ಲ ಮಾಡಬೇಡಿ. ಸಿ ತುಂಬಿದರೆ ಅದರ ಬಲಕ್ಕೆ ಅಂಟಿಕೊಂಡಿರುವ ಖಾಲಿ ಜಾಗವನ್ನು ಮಾತ್ರ ವಿಂಡೋಸ್ ಸೇರಿಸಿಕೊಳ್ಳುತ್ತದೆ, ಇ ಡ್ರೈವ್‌ನಲ್ಲಿ ಎಷ್ಟು ಜಾಗ ಉಳಿದಿದ್ದರೂ ಉಪಯೋಗಕ್ಕೆ ಬರಲ್ಲ. ಡಿ ಒಳಗೆ ಗಿರಾಕಿಗೊಂದು ಫೋಲ್ಡರ್ ಸಾಕು. ಡೆಸ್ಕ್‌ಟಾಪ್ ಫೋಲ್ಡರ್‌ನ ಪ್ರಾಪರ್ಟೀಸ್‌ನಲ್ಲಿ ಲೊಕೇಷನ್ ಅಂತ ಇದೆ, ಅಲ್ಲಿಂದ ಅದನ್ನೂ ಡಿಗೆ ಕಳಿಸಬಹುದು. ಆದರೆ ಮೊದಲು ಡಿ ಒಳಗೆ ಡೆಸ್ಕ್‌ಟಾಪ್ ಅಂತ ಒಂದು ಫೋಲ್ಡರ್ ಮಾಡಿ ಅದನ್ನೇ ತೋರಿಸಿ, ಬರೀ ಡಿ ಡ್ರೈವ್ ತೋರಿಸಬೇಡಿ. ನುಡಿ ಫಾಂಟ್‌ಗಳು ಇರುವುದು ಸಿ ಡ್ರೈವ್‌ನ ವಿಂಡೋಸ್ ಫೋಲ್ಡರ್‌ನಲ್ಲಿ, ಫಾರ್ಮ್ಯಾಟ್ ಮಾಡಿದರೆ ಅವೂ ಹೋಗುತ್ತವೆ, ಲಗ್ನಪತ್ರಿಕೆ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಕಾಣಿಸುತ್ತವೆ. ನುಡಿಯ ಸೆಟಪ್ ಫೈಲ್ ಡಿಯಲ್ಲಿ ಇಟ್ಟುಕೊಳ್ಳಿ.

ಡಿಟಿಪಿ_ಹುಡುಗ:
ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ಎಸ್‌ಎಸ್‌ಡಿ ಹಾಕಿದರೆ ಹಳೇ ಡಿಸ್ಕ್ ಏನು ಮಾಡಲಿ? ಡಿ ಡ್ರೈವ್ ಇದ್ದರೆ ಬ್ಯಾಕಪ್ ಇದ್ದ ಹಾಗೇ ಅಲ್ವಾ?

ಮಲೆನಾಡ_ಮೌಸ್:
ಅಲ್ಲ, ದಯವಿಟ್ಟು ಹಾಗೆ ಅಂದುಕೊಳ್ಳಬೇಡಿ. ಸಿ, ಡಿ ಎರಡೂ ಇರುವುದು ಒಂದೇ ಡಿಸ್ಕ್‌ನಲ್ಲಿ, ಡಿಸ್ಕ್ ಸತ್ತರೆ ಎರಡೂ ಒಟ್ಟಿಗೇ ಹೋಗುತ್ತವೆ. ಏನೇ ಮಾಡುವ ಮುಂಚೆ ಫೋಟೋ, ಬಿಲ್ ಎಲ್ಲಾ ಬೇರೆ ಡಿಸ್ಕ್‌ಗೆ ಕಾಪಿ ಮಾಡಿ. ಆಮೇಲೆ ಡಿಸ್ಕ್‌ನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಸಾಫ್ಟ್‌ವೇರ್ ಹಾಕಿ ನೋಡಿ, ಹಳದಿ ಬಣ್ಣದಲ್ಲಿ ಕಾಷನ್ ಅಂತ ಬಂದರೆ ಆ ಡಿಸ್ಕ್ ಮೇಲೆ ಶ್ರಿಂಕ್ ಮಾಡಲು ಹೋಗಲೇಬೇಡಿ. ಚೆನ್ನಾಗಿದ್ದರೆ, ಲ್ಯಾಪ್‌ಟಾಪ್‌ನಲ್ಲಿ ಡಿವಿಡಿ ಡ್ರೈವ್ ಇದ್ದಲ್ಲಿ ಅದನ್ನು ತೆಗೆದು ಆ ಜಾಗಕ್ಕೆ ಕ್ಯಾಡಿ (ಡಿಸ್ಕ್ ಕೂರಿಸುವ ಚೌಕಟ್ಟು) ಹಾಕಿ ಹಳೇ ಡಿಸ್ಕ್ ಕೂರಿಸಬಹುದು. ಕ್ಯಾಡಿ 9.5, 12.7 ಮಿಮೀ ಅಂತ ಎರಡು ದಪ್ಪದಲ್ಲಿ ಬರುತ್ತದೆ, ಅಳೆದು ತರಬೇಕು. ಎಸ್‌ಎಸ್‌ಡಿಗೆ ಹೊಸದಾಗಿ ವಿಂಡೋಸ್ ಹಾಕುವಾಗ ಹಳೇ ಡಿಸ್ಕ್ ಬಿಚ್ಚಿಟ್ಟಿರಿ. ಇಲ್ಲವಾದರೆ ವಿಂಡೋಸ್ ಶುರು ಮಾಡುವ ಬೂಟ್ ಫೈಲ್‌ಗಳು ಹಳೇ ಡಿಸ್ಕ್‌ನಲ್ಲೇ ಉಳಿದುಬಿಡಬಹುದು, ಮುಂದೆ ಅದನ್ನು ತೆಗೆದ ದಿನ ಲ್ಯಾಪ್‌ಟಾಪ್ ಆನ್ ಆದರೂ ವಿಂಡೋಸ್ ಬರಲ್ಲ.