ಸಹಾಯ ಬೇಕು: ಕನ್ನಡ ಫಾಂಟ್ ಹಗುರ ಮಾಡಿದರೆ ಒತ್ತಕ್ಷರ ಒಡೆಯುತ್ತಿದೆ

ಎಲ್ಲರಿಗೂ ನಮಸ್ಕಾರ. ಸೋಬಾನೆ ಪದಗಳನ್ನು ಸಂಗ್ರಹಿಸಿ ಹಾಕುವ ವರ್ಡ್‌ಪ್ರೆಸ್ ಸೈಟೊಂದನ್ನು ನಡೆಸುತ್ತಿದ್ದೇನೆ. ಓದುವವರು ಹೆಚ್ಚಾಗಿ ಹಳ್ಳಿಯವರು. ಫೋನು ಸಾಧಾರಣದ್ದು, ನೆಟ್‌ವರ್ಕ್ ಅಷ್ಟಕ್ಕಷ್ಟೆ. ಪುಟ ತೆರೆದರೆ ಸುಮಾರು ಹೊತ್ತು ಅಕ್ಷರವೇ ಕಾಣುವುದಿಲ್ಲ. ಹಾಡು ಹೇಳಿಕೊಟ್ಟ ಅಜ್ಜಿಯರ ಮನೆಯವರೇ ಓದಲಾಗದಿದ್ದರೆ ಬೇಜಾರಾಗುತ್ತೆ.

ಫೋಟೋಗಳನ್ನು ಹಗುರವಾದ ವೆಬ್‌ಪಿ ರೂಪಕ್ಕೆ ಬದಲಿಸಿದೆ, ಪುಟದ ಪ್ರತಿ ಕೂಡಿಟ್ಟು ಬೇಗ ಕೊಡುವ ಕ್ಯಾಶಿಂಗ್ ಪ್ಲಗಿನ್ ಹಾಕಿದೆ. ಕೊಂಚ ವಾಸಿ. ಆದರೂ ವೇಗ ಅಳೆಯುವ ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ಎಲ್‌ಸಿಪಿ (ಪುಟದ ಮುಖ್ಯ ಭಾಗ ಕಾಣಲು ಹಿಡಿಯುವ ಸಮಯ) 2.5 ಸೆಕೆಂಡಿನ ಒಳಗೆ ಬರುತ್ತಿಲ್ಲ.

ಜಾಸ್ತಿ ಭಾರ ಇರೋದು ಫಾಂಟ್‌ನಲ್ಲೇ. ನಮ್ಮ ಲಿಪಿಗೆ ಒತ್ತಕ್ಷರ, ಕಾಗುಣಿತದ ಆಕಾರಗಳೆಲ್ಲ ಬೇಕು, ಫೈಲ್ ದೊಡ್ಡದಾಗುತ್ತೆ ಅಲ್ವಾ? ಒಂದು ಆನ್‌ಲೈನ್ ಟೂಲ್‌ನಲ್ಲಿ ಕನ್ನಡದ ಯೂನಿಕೋಡ್ ಅಕ್ಷರಗಳನ್ನಷ್ಟೇ ಉಳಿಸಿ (ಇದಕ್ಕೇ ಸಬ್‌ಸೆಟ್ ಅನ್ನೋದು) ವಾಫ್2 ಎಂಬ ಕುಗ್ಗಿಸಿದ ವೆಬ್ ಫಾಂಟ್ ಫೈಲ್ ಮಾಡಿಸಿದೆ. ಗಾತ್ರವೇನೋ ಇಳಿಯಿತು, ಆದರೆ ‘ಅಕ್ಕ’ ಹೋಗಿ ‘ಅಕ್‌ಕ’ ಆಯಿತು. ಫಾಂಟ್‌ನೊಳಗೆ ಅಕ್ಷರ ಜೋಡಿಸುವ ನಿಯಮಗಳಿರುವ ಜಿಸಬ್ ಟೇಬಲ್ ಕಿತ್ತುಹೋಗಿರಬೇಕು. ಅದನ್ನು ಉಳಿಸಿಕೊಂಡು ಸಬ್‌ಸೆಟ್ ಮಾಡುವುದು ಹೇಗೆ? ಪೈಎಫ್‌ಟಿಸಬ್‌ಸೆಟ್ ಎಂಬ ಸಬ್‌ಸೆಟ್ ಮಾಡುವ ಟೂಲ್ ಬಳಸಿದವರು ಕಮಾಂಡ್ ತಿಳಿಸಿ.

ಇನ್ನೊಂದು ಮಾತು. ಈಗಿನ ಆಂಡ್ರಾಯ್ಡ್ ಫೋನುಗಳಲ್ಲಿ ನೋಟೋ ಕನ್ನಡ ಫಾಂಟ್ ಹೇಗೂ ಇರುತ್ತೆ. ಸೈಟಿನಿಂದ ಇಳಿಯುವ ವೆಬ್‌ಫಾಂಟ್ ಪೂರ್ತಿ ತೆಗೆದುಬಿಡಲೇ, ಇಲ್ಲ ಸಿಎಸ್‌ಎಸ್‌ನ ಫಾಂಟ್-ಡಿಸ್ಪ್ಲೇಗೆ ಸ್ವಾಪ್ (ಮೊದಲು ಫೋನಿನ ಫಾಂಟ್ ತೋರಿಸಿ, ವೆಬ್‌ಫಾಂಟ್ ಬಂದಮೇಲೆ ಬದಲಿಸುವುದು) ಕೊಟ್ಟರೆ ಸಾಕೇ? ಸ್ವಾಪ್ ಆದಾಗ ಹಾಡಿನ ಸಾಲುಗಳು ಜಿಗಿಯುತ್ತವೆ, ಅದಕ್ಕೇನಾದರೂ ದಾರಿ ಇದ್ದರೆ ದಯವಿಟ್ಟು ಹೇಳಿ.