ಕ್ರಿಟಾದಲ್ಲಿ ಬಣ್ಣ ತುಂಬಿದಾಗ ಮಸಿಗೆರೆಯ ಸುತ್ತ ಬಿಳಿ ಅಂಚು ಉಳಿಯುತ್ತಿದೆ, ಪರಿಹಾರ ತಿಳಿಸಿ

ತೆಂಕುರೇಖೆ:
ಎಲ್ಲರಿಗೂ ನಮಸ್ಕಾರ. ಯಕ್ಷಗಾನ ತೆಂಕುತಿಟ್ಟಿನ ಬಣ್ಣದ ವೇಷವೊಂದರ ಮುಖವನ್ನು ಮಸಿಯಲ್ಲಿ ಬರೆದು, ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸುವ ಕ್ರಿಟಾ ತಂತ್ರಾಂಶದಲ್ಲಿ ಬಣ್ಣ ತುಂಬುತ್ತಿದ್ದೇನೆ. ಎಲ್ಲಿ ತುಂಬಿದರೂ ಗೆರೆಗೂ ಬಣ್ಣಕ್ಕೂ ನಡುವೆ ಸಣ್ಣ ಬಿಳಿ ಅಂಚೊಂದು ಉಳಿದೇ ಉಳಿಯುತ್ತದೆ. ಕೆನ್ನೆಯ ಮೇಲೆ ಸಾಲುಸಾಲಾಗಿ ಇಟ್ಟ ಬಿಳಿ ಚುಕ್ಕಿಗಳಾದ ಚುಟ್ಟಿಗಳಿಗಂತೂ ಗೆರೆಯ ಹೊರಗೆ, ಕೆಂಪಿನ ಕಡೆಗೆ, ಒಂದೊಂದಕ್ಕೂ ಬಿಳಿ ಉಂಗುರ ಮೂಡಿ ಇಡೀ ಮುಖವೇ ಮಸುಕಾಗಿ ಕಾಣುತ್ತಿದೆ. ಕುಂಚ ಹಿಡಿದು ಒಂದೊಂದೇ ಉಂಗುರವನ್ನು ಮುಚ್ಚುತ್ತಾ ಕುಳಿತು ಸಾಕಾಗಿ ಹೋಗಿದೆ. ಗೆರೆಗಳ ಪದರ ಮೇಲಿದೆ, ಬಣ್ಣದ ಪದರ ಕೆಳಗಿದೆ, ಎಲ್ಲವೂ ಸರಿಯಾಗಿಯೇ ಇದೆ. ಆದರೂ ಹೀಗೇಕೆ?

ಮಸಿಕುಂಚ:
ಇದು ತ್ರೆಶೋಲ್ಡಿನ ಸಮಸ್ಯೆ, ಅಂದರೆ ತುಂಬುವ ಬಣ್ಣ ಎಷ್ಟು ಬೇರೆಯಾದ ಪಿಕ್ಸೆಲ್ಲಿನವರೆಗೆ ಹರಡಬೇಕೆಂಬ ಮಿತಿಯದು. ಫಿಲ್ ಉಪಕರಣವು ಬಿಳಿಯಿಂದ ಹೊರಟು, ಗೆರೆಯ ಅಂಚಿನ ಬೂದು ಪಿಕ್ಸೆಲ್ ಸಿಕ್ಕೊಡನೆ ನಿಂತುಬಿಡುತ್ತದೆ. ತ್ರೆಶೋಲ್ಡನ್ನು 50ಕ್ಕೆ ಏರಿಸಿದರೆ ಆ ಬೂದು ಪಿಕ್ಸೆಲ್‌ಗಳನ್ನೂ ದಾಟಿ ಬಣ್ಣ ಕಪ್ಪಿನವರೆಗೆ ತಲುಪುತ್ತದೆ.

ತೆಂಕುರೇಖೆ:
ಮಾಡಿ ನೋಡಿದೆ. ಬಿಳಿ ಅಂಚು ಕದಲಲಿಲ್ಲ. ಮೇಲಾಗಿ, ಹುಬ್ಬಿನ ತೆಳುಗೆರೆಯನ್ನು ದಾಟಿ ಕೆಂಪು ಹಣೆಗೆಲ್ಲ ನುಗ್ಗಿತು.

ಮಸಿಕುಂಚ:
ಹಾಗಾದರೆ ಹುಬ್ಬಿನ ಗೆರೆಯಲ್ಲಿ ಬಿರುಕಿದೆ. ಅದನ್ನು ಮುಚ್ಚಿ, ತ್ರೆಶೋಲ್ಡನ್ನು ಇನ್ನಷ್ಟು ಏರಿಸಿ, ಜೊತೆಗೆ ಅಂಚನ್ನು ನಯಗೊಳಿಸುವ ಆಂಟಿ ಅಲಿಯಾಸಿಂಗ್ ತೆಗೆದುಬಿಡಿ. ನನ್ನ ಕಾಮಿಕ್ಸ್ ಪುಟಗಳನ್ನೆಲ್ಲ ನಾನು ಹೀಗೆಯೇ ಮುಗಿಸುವುದು.

ಗೆರೆಬರಹ:
ತ್ರೆಶೋಲ್ಡ್ ಎಷ್ಟು ಏರಿಸಿದರೂ ಪ್ರಯೋಜನವಾಗದು. ಮೂಲ ದೋಷ ಸ್ಕ್ಯಾನಿನಲ್ಲಿದೆ. ಇವರು 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕಿ) ಸ್ಕ್ಯಾನ್ ಮಾಡಿ ಜೆಪೆಗ್ ಆಗಿ ಉಳಿಸಿರಬೇಕು. ಗೆರೆಚಿತ್ರವನ್ನು ಗ್ರೇಸ್ಕೇಲಿನಲ್ಲಿ, 600 ಡಿಪಿಐಗೆ ಕಡಿಮೆಯಿಲ್ಲದಂತೆ ಸ್ಕ್ಯಾನ್ ಮಾಡಿ ಟಿಫ್ ಅಥವಾ ಪಿಎನ್‌ಜಿಯಾಗಿ ಉಳಿಸಬೇಕು. ನನ್ನಲ್ಲಿ ಎ3 ಅಳತೆಯ ಫ್ಲಾಟ್‌ಬೆಡ್ ಇದೆ. 1200 ಡಿಪಿಐನಲ್ಲಿ ತೆಗೆದು ಅರ್ಧಕ್ಕೆ ಇಳಿಸಿದರೆ ಗೆರೆ ಎಷ್ಟು ಅಚ್ಚುಕಟ್ಟಾಗಿ ಬರುತ್ತದೆಂದು ಮಾತಿನಲ್ಲಿ ಹೇಳಲಾರೆ.

ಮಸಿಕುಂಚ:
ಎಲ್ಲರ ಬಳಿಯೂ ಎ3 ಸ್ಕ್ಯಾನರ್ ಇರುವುದಿಲ್ಲ. 300 ಡಿಪಿಐನಲ್ಲಿ ಮುದ್ರಣಕ್ಕೆ ಹೋದ ಪುಟಗಳು ನನ್ನ ಬಳಿ ಬೇಕಾದಷ್ಟಿವೆ, ಒಂದರಲ್ಲೂ ಬಿಳಿ ಅಂಚಿಲ್ಲ.

ಗೆರೆಬರಹ:
ಮುದ್ರಣದಲ್ಲಿ ಮಸಿ ಹರಡಿಕೊಂಡು ಅಂಚನ್ನು ಮುಚ್ಚುತ್ತದೆ. ಪರದೆಯ ಮೇಲೆ ಹಿಗ್ಗಿಸಿ ನೋಡಿ, ಆಗ ಮಾತಾಡೋಣ.

ಪದರಪದರ:
ಡಿಪಿಐ ಚರ್ಚೆಗೆ ಮುಂಚೆ ಎರಡು ವಿಷಯ ತಿಳಿಯಬೇಕು. ಸ್ಕ್ಯಾನಿನ ಬಿಳಿ ಕಾಗದವನ್ನು ಗೆರೆಯ ಪದರದಿಂದ ಹೇಗೆ ತೆಗೆದಿರಿ? ಫಿಲ್ ಉಪಕರಣದಲ್ಲಿ ತುಂಬಿದ ಜಾಗವನ್ನು ಕೆಲವು ಪಿಕ್ಸೆಲ್ ಹಿಗ್ಗಿಸುವ ಗ್ರೋ ಆಯ್ಕೆಗೆ ಎಷ್ಟು ಕೊಟ್ಟಿದ್ದೀರಿ? ಸಾಧ್ಯವಾದರೆ ಒಂದು ಚುಟ್ಟಿಯನ್ನು ಹಿಗ್ಗಿಸಿ, ಹೊರಗಿನ ಕೆಂಪಿನಿಂದ ಗೆರೆಯ ಕಡೆಗೆ ಒಂದೊಂದು ಪಿಕ್ಸೆಲಿನ ಬೆಲೆಯನ್ನೂ (ಕಪ್ಪಿಗೆ 0, ಬಿಳಿಗೆ 255) ನೋಡಿ ಬರೆಯಿರಿ.

ತೆಂಕುರೇಖೆ:
ಬಿಳಿಯನ್ನು, ಒಂದೇ ಬಣ್ಣದ ತಾಗಿಕೊಂಡ ಜಾಗವನ್ನು ಆರಿಸುವ ಕಂಟಿಗ್ಯುಯಸ್ ಸೆಲೆಕ್ಷನ್ ಉಪಕರಣದಿಂದ ಆರಿಸಿ ಅಳಿಸಿದ್ದೇನೆ. ಎಲ್ಲರೂ ಮಾಡುವುದು ಅದೇ ಎಂದು ಮೊದಲು ಬರೆಯಲಿಲ್ಲ. ಗ್ರೋ 5 ಕೊಟ್ಟರೂ ಅಂಚು ಹಾಗೆಯೇ ಇದೆ. ಹಿಗ್ಗಿಸಿದಾಗ ಹೊರಗಿನಿಂದ ಒಳಕ್ಕೆ ಕೆಂಪು, ಆಮೇಲೆ 225ರ ಆಸುಪಾಸಿನ ಪಿಕ್ಸೆಲ್ ಒಂದು, ಆಮೇಲೆ 130, ಅನಂತರ ಕಪ್ಪು ಕಾಣುತ್ತದೆ. ಗೆರೆಯ ಪದರವನ್ನು ಮರೆಮಾಡಿದರೆ ಕೆಂಪು ಗೆರೆಯ ಅಡಿಯವರೆಗೂ ಹೋಗಿರುವುದು ತಿಳಿಯುತ್ತದೆ.

ಪದರಪದರ:
ಕಾರಣ ನಿಮ್ಮ ಕೊನೆಯ ವಾಕ್ಯದಲ್ಲಿಯೇ ಇದೆ. ಫಿಲ್ ಉಪಕರಣ ತನ್ನ ಕೆಲಸ ಮಾಡಿದೆ, ಕೆಂಪು ಗೆರೆಯ ಅಡಿಗೆ ಹೋಗಿದೆ. ಅದರ ಮೇಲೆ ಆ 225ರ ಪಿಕ್ಸೆಲ್ ಪೂರ್ತಿ ಅಪಾರದರ್ಶಕವಾಗಿ ಕುಳಿತಿರುವುದರಿಂದ ಕೆಂಪು ಕಾಣದೆ ಬಿಳಿ ಕಾಣುತ್ತಿದೆ. ಕಾಗದದ ಮೇಲಿನ ಮಸಿಗೆರೆಯ ಅಂಚು ಕಪ್ಪಿನಿಂದ ಬಿಳಿಗೆ ಮೆಟ್ಟಿಲುಮೆಟ್ಟಿಲಾಗಿ ಇಳಿಯುತ್ತದೆ. ಸೆಲೆಕ್ಷನ್ ಉಪಕರಣ ತೀರಾ ಬಿಳಿಯಾದದ್ದನ್ನು ಅಳಿಸಿ, ನಡುವಿನ ತಿಳಿಬೂದನ್ನು ಗೆರೆಯೆಂದೇ ಎಣಿಸಿ ಉಳಿಸಿತು. ಆದ್ದರಿಂದ ತ್ರೆಶೋಲ್ಡ್ ಏರಿಸಿದರೂ, ಗ್ರೋ ಹೆಚ್ಚಿಸಿದರೂ ಅಂಚು ಹೋಗುವುದಿಲ್ಲ.

ಹೊಸದಾಗಿ ಸ್ಕ್ಯಾನ್ ಮಾಡಬೇಕಾಗಿಲ್ಲ. ಗೆರೆಯ ಪದರದ ಬ್ಲೆಂಡಿಂಗನ್ನು (ಕೆಳಗಿನ ಪದರದೊಂದಿಗೆ ಬೆರೆಯುವ ರೀತಿ) ನಾರ್ಮಲ್‌ನಿಂದ ಮಲ್ಟಿಪ್ಲೈಗೆ ಬದಲಿಸಿ. ಅಲ್ಲಿ ಮೇಲಿನ ಬೆಲೆಯನ್ನು ಕೆಳಗಿನ ಬೆಲೆಯಿಂದ ಗುಣಿಸಿ 255ರಿಂದ ಭಾಗಿಸಲಾಗುತ್ತದೆ. 225ರ ಬೂದು ನಿಮ್ಮ ಕೆಂಪಿನ 200ರ ಮೇಲೆ ಬಿದ್ದರೆ ಸುಮಾರು 176 ಬರುತ್ತದೆ, ಅಂದರೆ ತುಸು ಗಾಢವಾದ ಕೆಂಪು. ಬಿಳಿ ಅಂಚಿದ್ದ ಜಾಗದಲ್ಲಿ ಗೆರೆ ನಯವಾಗಿ ಬಣ್ಣಕ್ಕೆ ಬೆರೆಯುತ್ತದೆ. ಇನ್ನು ಮುಂದಿನ ಚಿತ್ರಗಳಲ್ಲಿ ಬಿಳಿಯನ್ನು ಅಳಿಸಲೇಬೇಡಿ. ಇಡೀ ಸ್ಕ್ಯಾನನ್ನು ಮಲ್ಟಿಪ್ಲೈನಲ್ಲಿ ಮೇಲಿಟ್ಟರೆ ಸಾಕು.

ಗಂಜೀಫ:
ಮಲ್ಟಿಪ್ಲೈ ಒಂದನ್ನೇ ನಂಬುವುದನ್ನು ನಾನು ಒಪ್ಪುವುದಿಲ್ಲ. ಸ್ಕ್ಯಾನಿನಲ್ಲಿ ಕಪ್ಪು ನಿಜವಾಗಿ ಕಪ್ಪಾಗಿರುವುದು ಅಪರೂಪ. ಮಸಿ ತೆಳುವಾಗಿದ್ದರೆ 80, 90ರಲ್ಲಿಯೇ ನಿಲ್ಲುತ್ತದೆ. ಅಂಥ ಗೆರೆ ಮಲ್ಟಿಪ್ಲೈನಲ್ಲಿ ಕೆಂಪಿನ ಮೇಲೆ ಕಂದುಗೆಂಪಾಗಿಯೂ, ಕಿರೀಟದ ಹಳದಿಯ ಮೇಲೆ ಹಸಿರುಗಪ್ಪಾಗಿಯೂ ಕಂಡು, ಒಂದೇ ಗೆರೆ ಎರಡು ಮಸಿಗಳಲ್ಲಿ ಬರೆದಂತೆ ತೋರುತ್ತದೆ. ಮೊದಲು ಕಪ್ಪುಬಿಳಿಗಳ ಮಟ್ಟ ಹೊಂದಿಸುವ ಲೆವೆಲ್ಸ್‌ನಲ್ಲಿ ಕಪ್ಪಿನ ತುದಿಯನ್ನು ಒಳಕ್ಕೆ ಎಳೆದು ಗೆರೆಯನ್ನು ಗಟ್ಟಿ ಮಾಡಿಕೊಂಡು, ಬಳಿಕ ಆರಿಸಿದ ಬಣ್ಣವನ್ನು ಪಾರದರ್ಶಕವಾಗಿಸುವ ಕಲರ್ ಟು ಆಲ್ಫಾದಿಂದ ಬಿಳಿಯನ್ನು ತೆಗೆಯಿರಿ. ಆಗ ತಿಳಿಬೂದು ಪಿಕ್ಸೆಲ್ ತೆಳುವಾದ ಕಪ್ಪಾಗಿ ಮಾರ್ಪಡುತ್ತದೆ. ಗೆರೆಗೇ ಬಣ್ಣ ಕೊಡಬೇಕೆನಿಸಿದರೆ ಆ ಪದರದ ಆಲ್ಫಾವನ್ನು (ಪಾರದರ್ಶಕತೆಯನ್ನು) ಬೀಗಹಾಕಿ ನೇರವಾಗಿ ಬಳಿಯಬಹುದು, ಮಲ್ಟಿಪ್ಲೈನಲ್ಲಿ ಅದು ಕಷ್ಟ.

ಪದರಪದರ:
ಲೆವೆಲ್ಸ್ ವಿಚಾರ ಒಪ್ಪಿದೆ, ಅದು ಎರಡೂ ವಿಧಾನಗಳಿಗೆ ಬೇಕು. ಆದರೆ ಕಾಗದದ ತರಿಯನ್ನು ಉಳಿಸಿಕೊಳ್ಳಬಯಸುವವರಿಗೆ ಮಲ್ಟಿಪ್ಲೈಯೇ ಉತ್ತಮವೆಂಬ ನನ್ನ ಅಭಿಪ್ರಾಯ ಬದಲಾಗಿಲ್ಲ.

ತೆಂಕುರೇಖೆ:
ಲೆವೆಲ್ಸ್ ಸರಿಪಡಿಸಿ ಮಲ್ಟಿಪ್ಲೈಗೆ ಬದಲಿಸಿದೆ. ಬಿಳಿ ಅಂಚು ಪೂರ್ತಿ ಹೋಯಿತು, ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಆದರೆ ಈಗ ಬೇರೊಂದು ತೊಡಕು ಬಂದಿದೆ. ಗ್ರೋ ಆಯ್ಕೆಯಿಂದ ಕೆಂಪು ಚುಟ್ಟಿಗಳ ಗೆರೆಯನ್ನು ದಾಟಿ ಒಳಗಿನ ಬಿಳಿಯನ್ನು ತಿನ್ನುತ್ತಿದೆ. ಅಕ್ಕಿಹಿಟ್ಟು ಸುಣ್ಣಗಳ ಆ ಬಿಳಿ ಚುಕ್ಕಿ ಎದ್ದು ಕಾಣದಿದ್ದರೆ ಬಣ್ಣದ ವೇಷದ ಮುಖಕ್ಕೆ ಜೀವವೇ ಇಲ್ಲ. ಗ್ರೋ ಸೊನ್ನೆಗೆ ಇಳಿಸಿದರೆ ಗೆರೆಯ ಪಕ್ಕದಲ್ಲಿ ಕೆಂಪು ಸಾಲದೆ ಮತ್ತೆ ತೆಳು ಅಂಚು ಇಣುಕುತ್ತದೆ. ಚುಟ್ಟಿಯ ಗೆರೆಗಳನ್ನು 005ರ ಮೈಕ್ರಾನ್ ಪೆನ್ನಿನಲ್ಲಿ ಬರೆದದ್ದು. ಸ್ಕ್ಯಾನ್ 300 ಡಿಪಿಐ.

ಗೆರೆಬರಹ:
ನಾನು ಡಿಪಿಐ ಎಂದು ಪಟ್ಟು ಹಿಡಿದದ್ದು ಇದಕ್ಕಾಗಿಯೇ. 005ರ ಗೆರೆ ಸುಮಾರು 0.20 ಮಿಲಿಮೀಟರ್ ದಪ್ಪ. 300 ಡಿಪಿಐನಲ್ಲಿ ಅದು ಹೆಚ್ಚುಕಡಿಮೆ 2 ಪಿಕ್ಸೆಲ್, 600ರಲ್ಲಿ ಹತ್ತಿರಹತ್ತಿರ 5. ಬಣ್ಣ ಗೆರೆಯ ಅರ್ಧದವರೆಗೆ ಹೋಗಿ ಅದರ ಅಡಿಯಲ್ಲಿ ನಿಲ್ಲಬೇಕು. 2 ಪಿಕ್ಸೆಲಿನ ಗೆರೆಯ ಅಡಿಯಲ್ಲಿ ಅದಕ್ಕೆ ಜಾಗವೆಲ್ಲಿದೆ? ಮೂಲಚಿತ್ರವನ್ನು 600ರಲ್ಲಿ ಮತ್ತೆ ಸ್ಕ್ಯಾನ್ ಮಾಡಿ, ಗ್ರೋ 2 ಇಡಿ.

ತೆಂಕುರೇಖೆ:
ಮೂಲಚಿತ್ರ ಈಗ ನನ್ನ ಬಳಿ ಇಲ್ಲ, ಬರೆಸಿದವರಿಗೆ ಕೊಟ್ಟಾಗಿದೆ.

ಪದರಪದರ:
ಹಾಗಿದ್ದರೆ ಚುಟ್ಟಿಗಳ ಬಿಳಿಗೆ ಪ್ರತ್ಯೇಕ ಪದರ ಮಾಡಿ, ಅದನ್ನು ಕೆಂಪಿನ ಪದರದ ಮೇಲೆ, ಗೆರೆಯ ಪದರದ ಕೆಳಗೆ ಇಡಿ. ಕೆಂಪು ಒಳಗೆ ನುಗ್ಗಿದ್ದರೆ ನುಗ್ಗಲಿ, ಮೇಲಿನ ಬಿಳಿ ಅದನ್ನು ಮುಚ್ಚುತ್ತದೆ. ಬಿಳಿ ತುಂಬುವಾಗ ಗೆರೆಯ ಪದರವನ್ನೇ ಆಧಾರವಾಗಿ ಆರಿಸಿ, ಗ್ರೋ 1ನ್ನು ಮೀರದಿರಲಿ. ಒಂದೊಂದೇ ಚುಕ್ಕಿಯನ್ನು ಒತ್ತಬೇಕಾಗಿಯೂ ಇಲ್ಲ. ಕ್ರಿಟಾದ ಎನ್‌ಕ್ಲೋಸ್ ಆಂಡ್ ಫಿಲ್ ಉಪಕರಣದಿಂದ ಒಂದು ಸಾಲನ್ನು ಸುತ್ತುವರಿದರೆ ಒಳಗಿನ ಮುಚ್ಚಿದ ಚುಕ್ಕಿಗಳೆಲ್ಲ ಒಟ್ಟಿಗೆ ತುಂಬುತ್ತವೆ.

ಮಸಿಕುಂಚ:
ಸುತ್ತುವರಿಯುವಾಗ ತ್ರೆಶೋಲ್ಡ್ ಎಷ್ಟಿಡಬೇಕೆಂದು ಯಾರೂ ಹೇಳಲಿಲ್ಲ. ಅದು ಸರಿಯಿಲ್ಲದಿದ್ದರೆ ಈ ವಿಧಾನವೂ ಕೈಕೊಡುತ್ತದೆ.

ತೆಂಕುರೇಖೆ:
ಎಡಗೆನ್ನೆಗೆ ಮಾಡಿ ನೋಡಿದೆ, ಚುಟ್ಟಿಗಳು ಬೆಳ್ಳಗೆ ನಿಂತಿವೆ. ತ್ರೆಶೋಲ್ಡನ್ನು ಮುಟ್ಟಲಿಲ್ಲ. ಒಂದಕ್ಕೊಂದು ಅಂಟಿಕೊಂಡಿರುವ ಕೆಲವು ಚುಕ್ಕಿಗಳ ಗೆರೆ ಮಾತ್ರ ಸ್ಕ್ಯಾನಿನಲ್ಲಿ ಕೂಡಿಹೋಗಿದ್ದು, ಅವನ್ನು ಕೈಯಿಂದಲೇ ಬಿಡಿಸುತ್ತಿದ್ದೇನೆ.