ನರ್ಸಿಂಗ್ ಹುಡುಗ್ರಿಗೆ ಹವಾಮಾನ ಬದಲಾವಣಿ ಬಗ್ಗೆ ಏನ್ ಕೇಳಬೇಕು? ಪ್ರಾಜೆಕ್ಟಿಗೆ ಸಲಹೆ ಬೇಕ್ರಿ

ಬಾಗಲಕೋಟಿ_ವಿದ್ಯಾರ್ಥಿನಿ:
ಎಲ್ಲಾರಿಗೂ ನಮಸ್ಕಾರ್ರಿ. ಬಿಎಸ್ಸಿ ನರ್ಸಿಂಗ್ ಕಡೀ ವರ್ಷ ಓದಾಕತ್ತೀನಿ. ಹವಾಮಾನ ಬದಲಾವಣಿ ಬಗ್ಗೆ ನರ್ಸಿಂಗ್ ಓದವ್ರು ಏನ್ ಅನ್ಕೊಂಡಾರ ಅನ್ನೂದ ನಮ್ಮ ಗ್ರೂಪಿನ ರಿಸರ್ಚ್ ವಿಷಯ. ಹವಾಮಾನ, ಪರಿಸರದ ಬಗ್ಗೆ ನರ್ಸಿಂಗ್ ಓದವ್ರ ಅಭಿಪ್ರಾಯ ಅಳಿಯಾಕ ಸ್ಯಾನ್ಸ್-2 ಅಂತ ಒಂದು ಸ್ಕೇಲ್ ಐತಿ, ಬರೇ 5 ವಾಕ್ಯ, ಎಷ್ಟು ಒಪ್ತೀವಿ ಅಂತ 1ರಿಂದ 7ರ ತನಕ ಮಾರ್ಕ್ ಹಾಕೂದು, ಇಂಗ್ಲೆಂಡ್, ಜರ್ಮನಿ, ಸ್ಪೇನ್ ಕಡೆ ನರ್ಸಿಂಗ್ ವಿದ್ಯಾರ್ಥಿಗಳಿಗೆ ಕೊಟ್ಟು ನೋಡ್ಯಾರ. ಆದ್ರ ನಮ್ಮ ಕ್ಲಾಸಿನ್ಯಾಗ ಸುಮ್ನ ಕೇಳಿದ್ರ ಎಲ್ಲಾರೂ ಭಾಳ ಮುಖ್ಯ ಅಂತಾರ, ಅದರ ಹಿಂದ ಅದಕ್ಕೂ ನಮ್ಮ ಡ್ಯೂಟಿಗೂ ಏನ್ ಸಂಬಂಧ ಅಂತಾರ. ಎಲ್ಲಾರೂ 6, 7 ಹಾಕಿ ಕೊಟ್ರ ಅದರಿಂದ ಏನ್ ತಿಳೀತೈತ್ರಿ? ವಾರ್ಡಿನ್ಯಾಗ ಕೆಲಸ ಮಾಡೂ ಅಕ್ಕಾರು ಅಣ್ಣಾರು ಹೇಳ್ರಿ.

ಸ್ಟಾಫ್‌ನರ್ಸ್_ವಿಜಯಪುರ:
ತಂಗಿ, ಚಲೋ ವಿಷಯ ಹಿಡದೀ. ಬಿಸಲಿನಿಂದ ಸುರು ಮಾಡು. ಏಪ್ರಿಲ್ ಮೇದಾಗ ನಮ್ಮಲ್ಲಿ 40 ಡಿಗ್ರಿ ದಾಟ್ತೈತಿ, ಖಾತ್ರಿ ಕೆಲಸಕ್ಕ ಹೋದವ್ರನ್ನ ಮಧ್ಯಾಹ್ನ ಕ್ಯಾಜುವಲ್ಟಿಗೆ ಹೊತ್ಕೊಂಡು ಬರ್ತಾರ, ಮೈ ಸುಡ್ತಿರ್ತೈತಿ, ಮಾತು ಒಂದಕ್ಕೊಂದು ಕೂಡೂದಿಲ್ಲ. ಹೊಸಾ ಹುಡುಗ್ರು ಮೊದಲ ಪ್ಯಾರಾಸಿಟಮಾಲ್ ಹುಡುಕ್ತಾರ. ಹೀಟ್ ಸ್ಟ್ರೋಕಿಗೆ ಅದು ನಡಿಯಂಗಿಲ್ಲ, ಯಾಕಂದ್ರ ಇದು ಜ್ವರ ಅಲ್ಲ, ಮೈಯಾಗಿನ ಕಾವು ಹೊರಗ ಹಾಕಾಕ ಆಗದ ಏರಿರೂದು. ಬಟ್ಟಿ ಸಡ್ಲಿಸಿ ತಣ್ಣೀರು ಹಾಕಿ ಫ್ಯಾನ್ ಹಚ್ಚಬೇಕು, ಕುತ್ತಿಗಿ, ಕಂಕುಳ, ತೊಡಿ ಸಂದಿಗೆ ಐಸ್ ಪ್ಯಾಕ್ ಇಡಬೇಕು, ಎಚ್ಚರಿಲ್ಲದವ್ರ ಬಾಯಿಗೆ ನೀರು ಹಾಕಬಾರ್ದು. ಇಂಥಾದೊಂದು ಕೇಸ್ ಕೊಟ್ಟು ಕೇಳು, ಯಾರಿಗೆಷ್ಟು ಗೊತ್ತೈತಿ ತಾನ ಹೊರಗ ಬರ್ತೈತಿ.

ಟ್ಯೂಟರ್_ಬೆಳಗಾವಿ:
ಸ್ಕೇಲ್ ಬಿಡಬ್ಯಾಡ್ರಿ, ಹೊರಗಿನವ್ರ ಜೋಡಿ ಹೋಲಿಸಾಕ ಬೇಕಾಗ್ತೈತಿ. ಜೋಡಿಗೆ ವಾರ್ಡಿನ ಕಸ ಸರಿಯಾಗಿ ಬ್ಯಾರೆ ಮಾಡ್ತಾರೇನು ಅಂತ ನೋಡಾಕ ಒಂದು ಚೆಕ್‌ಲಿಸ್ಟ್ ಇಡ್ರಿ. ಇಂಜೆಕ್ಷನ್ ರೌಂಡ್ ಮುಗಿದ ಮ್ಯಾಲೆ ರೋಗ ಹರಡೂ ಕಸ ಹಾಕೂ ಹಳದಿ ಚೀಲ ನೋಡ್ರಿ, ಸಿರಿಂಜಿನ ಕವರ್, ಗ್ಲೌಸಿನ ಕಾಗದ ಎಲ್ಲಾ ಅದರಾಗ ಇರ್ತಾವ. ರಕ್ತ ತಾಗದ ಕವರ್ ಸಾಮಾನ್ಯ ಕಸ, ಡಬ್ಲ್ಯುಎಚ್‌ಒ ಲೆಕ್ಕದಾಗ ಆಸ್ಪತ್ರಿ ಕಸದಾಗ ಸುಮಾರು 85% ಅಂಥಾದ್ದ. 2016ರ ಆಸ್ಪತ್ರಿ ಕಸದ ನಿಯಮದಾಗ ಐವಿ ಸೆಟ್, ಕ್ಯಾತೆಟರ್ ಕೆಂಪಿಗೆ ಅಂತ ಐತಿ, ನೀಡಲ್ ಬಿಳೀ ಡಬ್ಬಿಗೆ. ಹಳದೀದು ಸುಡಾಕ ಹೋಗ್ತೈತಿ, ಅದರಾಗ ಪಿವಿಸಿ ಪ್ಲಾಸ್ಟಿಕ್ ಸೇರಿದ್ರ ಡೈಆಕ್ಸಿನ್ ಅನ್ನೂ ವಿಷ ಹುಟ್ಟಾಕ ದಾರಿ ಆಗ್ತೈತಿ. ಗ್ಲೌಸ್ ಬಗ್ಗೇನೂ ಕೇಳ್ರಿ. ಬರೇ ಬಿಪಿ ನೋಡಾಕ ಗ್ಲೌಸ್ ಯಾಕ, ಕೈ ಸ್ವಚ್ಛ ಇದ್ರ ಸಾಕು. ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರಿಯೊಳಗ 2018ರಾಗ ಬೇಡದ ಕಡೆ ಗ್ಲೌಸ್ ಬಿಡ್ಸಿ ಒಂದ ವರ್ಷಕ್ಕ 21 ಟನ್ ಪ್ಲಾಸ್ಟಿಕ್ ಉಳ್ಸ್ಯಾರ, ಮುಂದ ನಿಂತವ್ರು ನರ್ಸ್‌ಗಳ.

ಗೋಕಾಕ_ಬ್ರದರ್:
ಮೇಡಂ ಹೇಳಿದ್ದು ಖರೆ, ಆದ್ರ ಟ್ರಾಲಿ ಮ್ಯಾಲೆ ಒಂದ ಬಕೆಟ್ ಇದ್ರ ಕಲಿಯಾಕ ಬಂದ ಹುಡುಗಿ ಏನ್ ಮಾಡ್ಯಾಳು, ಸೀನಿಯರ್ ಸಿಸ್ಟರ್ ಮುಂದ ಫಸ್ಟ್ ಇಯರಿನಾಕಿ ಬಾಯಿ ತೆಗಿತಾಳೇನು? ಏನ್ ಅಡ್ಡಿ ಆಗ್ತೈತಿ ಅಂತ ಒಂದು ಪ್ರಶ್ನಿ ಬೇಕಾ ಬೇಕು, ಇಲ್ಲಾಂದ್ರ ಎಲ್ಲಾ ತಪ್ಪು ಹುಡುಗ್ರ ತಲಿ ಮ್ಯಾಲೆ ಬರ್ತೈತಿ. ಮತ್ತ 2019ರ ಆಗಸ್ಟ್ ಮಹಾಪೂರ ಮರೀಬ್ಯಾಡ ತಂಗಿ. ಘಟಪ್ರಭಾ, ಮಲಪ್ರಭಾ, ಕೃಷ್ಣಾ ಮೂರೂ ಉಕ್ಕಿದ್ವು, ಈಗ ನರ್ಸಿಂಗ್ ಓದವ್ರು ಆಗ ಸಾಲಿ ಹುಡುಗ್ರು, ಪರಿಹಾರ ಕೇಂದ್ರದಾಗ ಮಲಗಿ ಎದ್ದವ್ರು ಅದಾರ. ಕರೆಂಟ್ ಹೋದಾಗ ಇನ್ಸುಲಿನ್ 2ರಿಂದ 8 ಡಿಗ್ರಿಯೊಳಗ ಹೆಂಗ ಇಡೂದು ಅಂತ ಅವ್ರಿಗೆ ಕೇಳು. ಮನಿ ನೀರಾಗ ಹೋದವ್ರ ಉತ್ತರಕ್ಕೂ ಉಳಿದವ್ರ ಉತ್ತರಕ್ಕೂ ಫರಕ್ ಐತೇನು, ಅದ ನಿನ್ನ ಖರೇ ರಿಸರ್ಚ್.

ಬಾಗಲಕೋಟಿ_ವಿದ್ಯಾರ್ಥಿನಿ:
ಅಣ್ಣಾ, ಮಹಾಪೂರದ ಪ್ರಶ್ನಿ ಊರು ವಯಸ್ಸು ಕೇಳೂ ಪುಟದಾಗನ ಹಾಕ್ತೀವ್ರಿ. ಮೇಡಂ, ಚೆಕ್‌ಲಿಸ್ಟ್ ಹಿಡ್ಕೊಂಡು ನಿಂತ್ರ ಆವತ್ತಷ್ಟ ಎಲ್ಲಾರೂ ಸರಿ ಮಾಡ್ತಾರಲ್ರಿ?

ಟ್ಯೂಟರ್_ಬೆಳಗಾವಿ:
ಹುಡುಗ್ರನ್ನ ನೋಡಬ್ಯಾಡ್ರಿ, ಶಿಫ್ಟ್ ಬದಲಾಗೂ ಹೊತ್ತಿಗೆ ಬಕೆಟ್ ನೋಡ್ರಿ, ಯಾರ ಹೆಸರೂ ಬರೀಬ್ಯಾಡ್ರಿ. ಎಥಿಕ್ಸ್ ಕಮಿಟಿ ಪರ್ಮಿಷನ್ ಮೊದ್ಲ ತಗೋರಿ, ವಾರ್ಡ್ ಇನ್‌ಚಾರ್ಜ್ ಸಿಸ್ಟರ್ ಅವ್ರಿಗೂ ಹೇಳ್ರಿ. ಚೀಲದಾಗ ಮಾತ್ರ ಕೈ ಹಾಕಲೇಬ್ಯಾಡ್ರಿ, ನೀಡಲ್ ಬಿದ್ದಿರ್ತಾವ, ಮ್ಯಾಲಿಂದ ಕಂಡಷ್ಟ ಬರ್ಕೋರಿ.